ಮಂಡ್ಯ ಸೀಮೆ ಹಬ್ಬ-ಆಚಾರ ಇಟ್ಕೊಂಡು ಹಾರರ್ ಶಾರ್ಟ್ ಫಿಲ್ಮ್ ಮಾಡೋದು ಹೇಗೆ

ನಮ್ ಕಡೆ ಹುಡುಗ್ರು ಹಾರರ್ ಶಾರ್ಟ್ ಫಿಲ್ಮ್ ಮಾಡ್ತೀವಿ ಅಂತ ಹೊರಟ್ರೆ ಮೊದ್ಲು ಹುಡ್ಕೋದೇ ಒಂದು ಪಾಳು ಬಂಗ್ಲೆ, ಆಮೇಲೆ ಬಿಳಿ ಸೀರೆ. ಎರಡನ್ನೂ ಬಿಟ್ಬಿಡಿ. ಮಾರಿಹಬ್ಬ, ಕೆಂಡ ಹಾಯೋ ಕೊಂಡ, ದೊಡ್ಡ ಮುಖವಾಡ ಹೊತ್ತು ಕುಣಿಯೋ ಸೋಮನ ಕುಣಿತ, ನೀಲಗಾರರು ರಾತ್ರಿಯೆಲ್ಲಾ ಹಾಡೋ ಮಂಟೇಸ್ವಾಮಿ ಕಥೆ, ಇಷ್ಟೆಲ್ಲಾ ಮನೆ ಹಿತ್ಲಲ್ಲೇ ಇರೋವಾಗ ಇನ್ನೆಲ್ಲಿಂದಲೋ ದೆವ್ವ ತರೋದ್ಯಾಕೆ?

ಮೊದಲ ಕೆಲಸ, ಒಂದೇ ಒಂದು ಕಟ್ಟುಪಾಡು ಆರಿಸ್ಕೊಳ್ಳಿ. ಈ ಥರ ಸಿನಿಮಾದಲ್ಲಿ ಭಯ ಹುಟ್ಟೋದು ಊರಿಗೆ ಊರೇ ನಂಬಿರೋ ಒಂದು ನಿಯಮದಿಂದ, ಅದನ್ನ ಗೊತ್ತಿಲ್ದೆ ಮುರಿಯೋ ಒಬ್ಬ ವ್ಯಕ್ತಿಯಿಂದ. ಉದಾಹರಣೆಗೆ ನಮ್ಮ ಕಡೆ ಎಷ್ಟೋ ಊರಲ್ಲಿ ಹಬ್ಬ ಸಾರಿದ್ಮೇಲೆ ಮುಗಿಯೋವರ್ಗೂ ಯಾರ ಮನೇಲೂ ಒಗ್ಗರಣೆ ಹಾಕಂಗಿಲ್ಲ. ಈಗ ಬೆಂಗಳೂರಿಂದ ಮದ್ವೆ ಆಗಿ ಬಂದಿರೋ ಸೊಸೆ ಒಬ್ಳು ಅಂದ್ಕೊಳ್ಳಿ, ರಾತ್ರಿ ಗಂಡ ಹಸಿವು ಅಂದ ಅಂತ ಚಿತ್ರಾನ್ನಕ್ಕೆ ಬಾಣ್ಲೆ ಇಟ್ಟು ಎಣ್ಣೆ ಹಾಕಿ ಸಾಸಿವೆ ಬಿಟ್ಳು. ಕ್ಯಾಮೆರಾ ಬಾಣ್ಲೆ ಮೇಲೇ ಇರ್ಲಿ. ಚಟಚಟ ಅಂತ ಸಾಸಿವೆ ಸಿಡಿತಿರೋವಾಗ್ಲೇ ಬೀದೀಲಿ ಒಂದೊಂದೇ ಮನೆ ಟಿವಿ ಸೌಂಡ್ ನಿಲ್ತಾ ಬರುತ್ತೆ, ನಾಯಿ ಬೊಗಳೋದೂ ನಿಲ್ಲುತ್ತೆ. ಅತ್ತೆ ಬರ್ತಾಳೆ, ಬೈಯಲ್ಲ, ಸ್ಟವ್ ಆಫ್ ಮಾಡಿ ಮೆಲ್ಲಗೆ "ಏನವ್ವಾ ಮಾಡ್ಬುಟ್ಟೆ" ಅಂತಾಳೆ ಅಷ್ಟೇ. ಮುಂದೆ ಏನಾಗುತ್ತೆ ಅಂತ ಊರಿಗೆಲ್ಲಾ ಗೊತ್ತು, ಆ ಹುಡುಗಿಗೆ ಮಾತ್ರ ಗೊತ್ತಿಲ್ಲ.

ಆ ನಿಯಮನ ಶುರುವಿನ ಎರಡು ನಿಮಿಷದೊಳಗೆ ಒಂದೇ ಸಲ ಹೇಳಿಸಿ, ಅದೂ ಅಜ್ಜಿ ಅವರೆಕಾಯಿ ಸುಲೀತಾ ಬೇರೆ ಮಾತಿನ ಮಧ್ಯೆ ಹೇಳ್ಬೇಕು. ಯಾಕೆ ಏನು ಅಂತ ಕೊನೇವರ್ಗೂ ವಿವರಿಸ್ಬೇಡಿ.

ಕಟ್ಟುಪಾಡುಗಳು ಎಲ್ಲಿ ಸಿಗುತ್ತೆ ಅಂದ್ರೆ, ಊರ ಯಜಮಾನ್ರು, ಪೂಜಾರಪ್ಪ, ತಮಟೆ ಬಾರ್ಸೋರು, ವಯಸ್ಸಾದ ಹೆಂಗಸ್ರು, ಇವ್ರ ಹತ್ರ ಕೂತ್ಕೊಳ್ಳಿ. "ಯಾಕೆ ಹಿಂಗ್ ಮಾಡ್ತೀರಾ" ಅಂತ ಕೇಳಿದ್ರೆ "ಹಿಂದಿನಿಂದ ಬಂದೈತೆ ಕಣಪ್ಪ" ಅಂತಾರೆ, ಮಾತು ಮುಗೀತು. "ಮಾಡ್ದೇ ಇದ್ರೆ ಏನಾಯ್ತದೆ?" ಅಂತ ಕೇಳಿ, ಆಗ ಕಥೆ ಬರುತ್ತೆ. ರೋಗ ಬಂದಾಗ ಮಾರಿನ ಗಡಿ ದಾಟ್ಸೋದು ಅಂತ ಇತ್ತಲ್ಲ, ಪಕ್ಕದೂರಿನ ಎಲ್ಲೆಗೆ ಬಿಟ್ಟು ತಿರುಗಿ ನೋಡ್ದಂಗೆ ವಾಪಸ್ ಬರೋದು, ಆ ಊರವ್ರು ಅದನ್ನ ಇನ್ನೊಂದೂರಿಗೆ ಸಾಗ್ಹಾಕೋದು. ಕೊನೇ ಊರು ಯಾವ್ದು ಅಂತ ಒಂದ್ಸಲ ಯೋಚ್ನೆ ಮಾಡಿ, ಅದೇ ಒಂದು ಸ್ಕ್ರಿಪ್ಟು.

ಇಲ್ಲಿ ಒಂದು ವಿಷ್ಯ ಖಡಾಖಂಡಿತವಾಗಿ ಹೇಳ್ತೀನಿ. ಈ ಆಚರಣೆಗಳೊಳಗೆ ಜಾತಿ ಇದೆ. ಯಾರು ಗುಡಿ ಒಳಗೆ, ಯಾರು ಹೊರಗೆ ಅನ್ನೋದು ಹಬ್ಬದ ದಿನ ಎದ್ದು ಕಾಣುತ್ತೆ. ತಮಟೆ ಬಾರ್ಸೋರನ್ನೋ ನೀಲಗಾರರನ್ನೋ ಮಾಟ ಮಾಡೋ ವಿಲನ್ ಥರ ತೋರ್ಸೋದು ಸುಲಭ, ಅದು ಕೊಳಕು ಕೆಲಸ. ಊರಿನ ನಿಯಮ ಯಾರ ಮೇಲೆ ಜಾಸ್ತಿ ಭಾರ ಬೀಳುತ್ತೋ ಅವ್ರ ಕಣ್ಣಿಂದ ಕಥೆ ಹೇಳಿ, ಭಯ ತಾನಾಗೇ ನಿಜ ಆಗುತ್ತೆ.

ಲೊಕೇಶನ್‌ಗೆ ಕಬ್ಬಿನ ಗದ್ದೆ ಸಾಕು. ಜಪಾನಿನ ನಿರ್ದೇಶಕ ಕನೆಟೊ ಶಿಂಡೊ 1964ರಲ್ಲಿ ಮಾಡಿದ 'ಒನಿಬಾಬ' ಸಿನಿಮಾ ಹೆಚ್ಚುಕಮ್ಮಿ ಪೂರ್ತಿ ಆಳೆತ್ತರದ ಹುಲ್ಲಿನ ಮಧ್ಯೆನೇ ನಡೆಯುತ್ತೆ, ಅತ್ತೆ, ಸೊಸೆ, ಒಂದು ಮುಖವಾಡ, ಗಾಳಿಗೆ ಅಲ್ಲಾಡೋ ಹುಲ್ಲು. ನೋಡಿದ್ರೆ ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಗದ್ದೆಗಳೇ ನೆನಪಾಗುತ್ತೆ. ಕಟಾವಿಗೆ ಮುಂಚೆ, ಕಬ್ಬು ತಲೆ ಮೇಲೆ ಹೋಗಿರೋವಾಗ ಶೂಟ್ ಮಾಡಿ, ಗದ್ದೆಯವ್ರನ್ನ ಕೇಳಿ, ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ ಯಾಕಂದ್ರೆ ಗರಿ ಕೈ ಕುಯ್ಯುತ್ತೆ, ಒಣ ತರಗು ಇರೋ ಕಡೆ ಪಂಜು ಹಿಡ್ಕೊಂಡು ಹೋಗ್ಲೇಬೇಡಿ. ರಾತ್ರಿನೇ ಬೇಕು ಅಂತೇನಿಲ್ಲ. 1973ರ 'ದಿ ವಿಕರ್ ಮ್ಯಾನ್' ಕ್ಲೈಮ್ಯಾಕ್ಸ್ ನಡೆಯೋದು ಹಾಡಹಗಲಲ್ಲಿ, ಊರವ್ರೆಲ್ಲಾ ಖುಷಿಯಾಗಿ ಹಾಡ್ತಾ ಇರ್ತಾರೆ, ಅದಕ್ಕೇ ಅಷ್ಟು ಹೆದರಿಕೆ ಆಗೋದು.

ಸೌಂಡ್‌ಗೆ ಡೌನ್‌ಲೋಡ್ ಮಾಡಿದ ಮ್ಯೂಸಿಕ್ ಬೇಡ, ತಮಟೆ ರೆಕಾರ್ಡ್ ಮಾಡಿ. ಬಾರ್ಸೋಕೆ ಮುಂಚೆ ಸೋಗೆನೋ ಹುಲ್ಲೋ ಹಚ್ಚಿ ತಮಟೆ ಕಾಯಿಸ್ತಾರೆ, ಮಧ್ಯೆ ಮಧ್ಯೆ ಬೆರಳಲ್ಲಿ ತಟ್ಟಿ ನೋಡ್ತಾರೆ. ಮೊದ್ಲು ದಬ್ ದಬ್ ಅಂತಿರೋ ಚರ್ಮ ಬಿಗಿಯಾಗ್ತಾ ಟಣ್ ಅನ್ನೋಕೆ ಶುರುವಾಗುತ್ತೆ. ಆ ಬದಲಾವಣೆನ ಮೈಕ್ ಹತ್ರ ಇಟ್ಟು ಹಿಡೀರಿ, ಟೈಟಲ್ ಕಾರ್ಡ್ ಕೆಳಗೆ ಅದೊಂದೇ ಸಾಕು. ಬಾರ್ಸಿದವ್ರಿಗೆ ದುಡ್ಡು ಕೊಡಿ, ಹೆಸರೂ ಹಾಕಿ.

ದೇವರ ವಿಷ್ಯಕ್ಕೆ ಬಂದ್ರೆ, ಪೂಜೆ ನಡೀತಿರೋ ದೇವರ ಹೆಸರನ್ನ ದೆವ್ವಕ್ಕೆ ಇಡ್ಬೇಡಿ, ಹೊಸದು ಕಟ್ಟಿ. 2018ರ 'ತುಂಬಾಡ್' ಸಿನಿಮಾದಲ್ಲಿ ಬರೋ ಹಸ್ತರ್ ಅನ್ನೋ ದುರಾಸೆಯ ದೇವರು ಯಾವ ಪುರಾಣದಲ್ಲೂ ಇಲ್ಲ, ಸಿನಿಮಾದವ್ರೇ ಸೃಷ್ಟಿಸಿದ್ದು, ಆದ್ರೂ ಜನ ಹಳೇ ಕಥೆ ಅಂತ್ಲೇ ನಂಬಿದ್ರು. 'ಕಾಂತಾರ' ಓಡಿತು ಅಂತ ಕರಾವಳಿ ದೈವನ ಮದ್ದೂರಿಗೆ ಎಳ್ಕೊಂಡು ಬರೋದೂ ಬೇಡ, ಅದು ಆ ನೆಲದ್ದು. ಸೋಮನ ಮೋರೆನೂ ಅಷ್ಟೇ, ಅದನ್ನ ಪೂಜೆ ಮಾಡಿ ಎತ್ತೋದು, ಶೂಟಿಂಗ್ ಸಾಮಾನಿನ ಥರ ಬಾಡಿಗೆ ಕೇಳ್ಬಾರ್ದು, ನಿಮ್ಮದೇ ಬೇರೆ ಮುಖವಾಡ ಮಾಡಿಸಿ. ನಿಜವಾದ ಹಬ್ಬದಲ್ಲಿ ಯಾರಿಗಾದ್ರೂ ಮೈಮೇಲೆ ಬಂದ್ರೆ ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ. ದೇವಸ್ಥಾನದ ಹತ್ರ ಪ್ರಾಣಿ ಬಲಿ ಕೊಡೋದನ್ನ ರಾಜ್ಯದಲ್ಲಿ 1959ರ ಕಾಯ್ದೆನೇ ನಿಷೇಧಿಸಿದೆ, ಸಿನಿಮಾಗೋಸ್ಕರ ಅದನ್ನ ಮಾಡ್ಸೋ ಮಾತೇ ಇಲ್ಲ. ಗೂಟಕ್ಕೆ ಕಟ್ಟಿದ ಹಗ್ಗ, ಬೆಳಿಗ್ಗೆ ಅದೇ ಹಗ್ಗ ಬಿಚ್ಚಿ ಬಿದ್ದಿರೋದು, ಇಷ್ಟು ಸಾಕು. ಕೊಂಡದ ಸೀನ್‌ಗೂ ಆಕ್ಟರ್ ಹಾಯೋದು ಬೇಡ, ಕೆಂಡ ಬೇರೆ, ಕಾಲು ಬೇರೆ ತೆಗೆದು ಎಡಿಟ್‌ನಲ್ಲಿ ಸೇರಿಸಿ.

ಹತ್ತು ನಿಮಿಷದ ಒಳಗೆ ಮುಗ್ಸಿ. ಎಡಿಟ್ ಆದ್ಮೇಲೆ ಯೂಟ್ಯೂಬ್‌ಗೆ ಹಾಕೋಕೆ ಮುಂಚೆ ಶೂಟ್ ಮಾಡಿದ ಊರಲ್ಲೇ ಒಂದು ಗೋಡೆ ಮೇಲೆ ಹಾಕಿ ತೋರ್ಸಿ, ನಿಮ್ಗೆ ಕಥೆ ಹೇಳಿದ ಅಜ್ಜಿನ ಮುಂದೆ ಕೂರಿಸಿ. ಅವ್ರು ಇದು ಬೇಡ ಕಣ್ ಮಗ ಅಂದ ಶಾಟ್ ಎಷ್ಟೇ ಚೆನ್ನಾಗಿದ್ರೂ ತೆಗೀರಿ.