ಟಿಬೆಟ್‌ಗಾಗಿ ಇಂಗ್ಲೆಂಡಿನಲ್ಲಿ: ಯಾರನ್ನು ಕೇಳಬೇಕು, ಏನು ಕೇಳಬೇಕು

ಇಲ್ಲಿರುವ ಕನ್ನಡದ ಗೆಳೆಯರು ಯಾರಾದರೂ "ಟಿಬೆಟ್ ವಿಷಯದಲ್ಲಿ ನಾವೂ ಏನಾದರೂ ಮಾಡಬಹುದಾ" ಅಂತ ಕೇಳಿದರೆ, ಮೊದಲು ನಿಮ್ಮ ಎಂಪಿಗೆ ಒಂದು ಪತ್ರ ಬರೆಯಿರಿ ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಮೆರವಣಿಗೆ, ಬಾವುಟ, ಘೋಷಣೆ ಅಂತ ಅಂದುಕೊಂಡು ಬಂದಿರುತ್ತಾರೆ ಪಾಪ. ಅದೂ ಇದೆ. ಪ್ರತಿ ವರ್ಷ ಮಾರ್ಚ್ 10ಕ್ಕೆ, 1959ರಲ್ಲಿ ಟಿಬೆಟ್ ರಾಜಧಾನಿ ಲಾಸಾದ ಜನ ದಲೈ ಲಾಮಾರನ್ನು ಚೀನಾ ಸೈನ್ಯದಿಂದ ಕಾಪಾಡಲು ನೊರ್ಬುಲಿಂಕಾ ಅರಮನೆ ಸುತ್ತ ನಿಂತ ದಿನದ ನೆನಪಿಗೆ, ಲಂಡನ್ನಿನಲ್ಲಿ ಮೆರವಣಿಗೆ ಆಗುತ್ತದೆ. ಪೋರ್ಟ್‌ಲೆಂಡ್ ಪ್ಲೇಸ್‌ನಲ್ಲಿರುವ ಚೀನಾ ರಾಯಭಾರ ಕಚೇರಿ ಎದುರಿನ ಫುಟ್‌ಪಾತ್‌ನಲ್ಲಿ ಪೊಲೀಸರು ಕಟ್ಟಿದ ಬೇಲಿಯೊಳಗೆ ನಿಂತು ಗಂಟಲು ಕಟ್ಟುವವರೆಗೆ ನಾನೂ ಕೂಗಿದ್ದೇನೆ. ಆ ಕಟ್ಟಡದ ಕಿಟಕಿ ಯಾವತ್ತೂ ತೆರೆಯುವುದಿಲ್ಲ. ಮೆರವಣಿಗೆ ಟಿಬೆಟನ್ನರಿಗೆ ಬೇಕು, ಅವರ ಮಕ್ಕಳಿಗೆ ಇನ್ನೂ ಜಾಸ್ತಿ ಬೇಕು. ಆದರೆ ನಮ್ಮಂಥ ಹೊರಗಿನವರು ವರ್ಷಕ್ಕೊಂದು ಸಲ ಜಾತ್ರೆಗೆ ಹೋದ ಹಾಗೆ ಹೋಗಿ ಬಂದರೆ ಏನೂ ಆಗುವುದಿಲ್ಲ. ಉಳಿದ ದಿನಗಳಲ್ಲಿ ಏನು ಮಾಡುತ್ತೇವೆ ಅನ್ನುವುದೇ ಕೆಲಸ.

ನಾನು ಪಿರಿಯಾಪಟ್ಟಣದ ಕಡೆಯವಳು. ಬೈಲಕುಪ್ಪೆ ನಮಗೆ ಪಕ್ಕದ ಊರು. 1960ರ ದಶಕದ ಶುರುವಿನಲ್ಲಿ ಆಗಿನ ಮೈಸೂರು ಸರ್ಕಾರ ಅಲ್ಲಿ ಟಿಬೆಟನ್ನರಿಗೆ ಜಾಗ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಕುಶಾಲನಗರದ ಸಂತೆಯಲ್ಲಿ ಅವರು ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದರು, ಅವರ ಹೊಲದ ಮುಸುಕಿನ ಜೋಳ ನಮ್ಮ ಮನೆಗೂ ಬರುತ್ತಿತ್ತು. ಹಾಗಾಗಿ ನನಗೆ ಟಿಬೆಟ್ ಅಂದರೆ ಹಿಮಾಲಯ, ಧ್ಯಾನ, ಶಾಂತಿ ಅಂತೆಲ್ಲ ಅಲ್ಲ, ಅಕ್ಕಪಕ್ಕದವರು. ಉತ್ತರ ಇಂಗ್ಲೆಂಡಿನ ಈ ಊರಿಗೆ ಕೆಲಸಕ್ಕೆ ಬಂದ ಮೇಲೆ ಇಲ್ಲೊಂದು ಟಿಬೆಟ್ ಬೆಂಬಲ ಗುಂಪು ಇದೆ ಅಂತ ಗೊತ್ತಾಯಿತು, ಸುಮ್ನೆ ಹೋಗಿ ಕೂತೆ. ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರ ಸಭಾಮನೆಯ ಒಂದು ಕೋಣೆ, ಬಾಡಿಗೆ ಕಡಿಮೆ. ನಿವೃತ್ತ ಮೇಷ್ಟ್ರು ಒಬ್ಬರು, ಲೈಬ್ರರಿಯಲ್ಲಿ ಕೆಲಸ ಮಾಡುವವರು, ಒಂದಿಬ್ಬರು ವಿದ್ಯಾರ್ಥಿಗಳು. ಟಿಬೆಟನ್ ಅಂತ ಇದ್ದವರು ಒಬ್ಬರೇ ಅಕ್ಕ. ಬ್ರಿಟನ್ನಿನಲ್ಲಿ ಟಿಬೆಟನ್ನರೇ ಕಡಿಮೆ, ಇರುವವರಲ್ಲಿ ಹೆಚ್ಚಿನವರು ಲಂಡನ್ ಸುತ್ತಮುತ್ತ. ಆ ಅಕ್ಕ ಓದಿದ್ದು ಮುಂಡಗೋಡದಲ್ಲಿ. "ಊಟ ಆಯ್ತಾ" ಅಂತ ಕೇಳಿದರು ನೋಡಿ, ನಾನು ಆ ಗುಂಪು ಬಿಟ್ಟು ಬರಲಿಲ್ಲ.

ಈಗ ಪತ್ರದ ವಿಷಯ. ಇಲ್ಲಿನ ಎಂಪಿ ತನ್ನ ಕ್ಷೇತ್ರದವರ ಕೆಲಸ ಮಾತ್ರ ನೋಡುತ್ತಾರೆ. ಆದ್ದರಿಂದ ಪತ್ರದಲ್ಲಿ ನಿಮ್ಮ ಮನೆ ವಿಳಾಸ, ಪೋಸ್ಟ್‌ಕೋಡ್ ಇರಲೇಬೇಕು. ಮತ ಹಾಕುವ ಬಗ್ಗೆ ಚಿಂತೆ ಬೇಡ, ಮತ ಹಾಕದವರಿಗೂ ಅವರೇ ಎಂಪಿ. ಹಾಗೆ ನೋಡಿದರೆ ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ ಇಲ್ಲಿ ವಾಸಿಸುವ ಭಾರತೀಯರಿಗೂ ಮತದಾನದ ಹಕ್ಕಿದೆ, ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದೇ ಗೊತ್ತಿಲ್ಲ. ಸಂಘಟನೆಗಳು ಕಳಿಸುವ ರೆಡಿಮೇಡ್ ಇಮೇಲ್ ಒತ್ತಿ ಕಳಿಸಬೇಡಿ. ಒಂದೇ ಥರದ ಇಮೇಲ್‌ಗೆ ಒಂದೇ ಥರದ ಉತ್ತರ ಬರುತ್ತದೆ, ಅಷ್ಟೇ. ಒಂದು ಪುಟ, ನಿಮ್ಮ ಮಾತಲ್ಲಿ, ಕೊನೆಯಲ್ಲಿ ಒಂದೇ ಒಂದು ಬೇಡಿಕೆ. "ಟಿಬೆಟ್‌ಗೆ ನ್ಯಾಯ ಕೊಡಿಸಿ" ಅಂದರೆ ಯಾವ ಎಂಪಿಯೂ ಏನೂ ಮಾಡಲಾರರು. "ಈ ಕೈದಿಯ ಹೆಸರನ್ನು ಚೀನಾ ಜೊತೆಗಿನ ಮಾತುಕತೆಯಲ್ಲಿ ಎತ್ತಿದ್ದೀರಾ ಅಂತ ವಿದೇಶಾಂಗ ಸಚಿವರಿಗೆ ಲಿಖಿತ ಪ್ರಶ್ನೆ ಹಾಕಿ" ಅಂದರೆ ಮಾಡಬಹುದು. ಆ ಪ್ರಶ್ನೆ, ಅದಕ್ಕೆ ಬಂದ ಉತ್ತರ ಎರಡೂ ಸಂಸತ್ತಿನ ದಾಖಲೆಗೆ ಹೋಗುತ್ತವೆ. ಉತ್ತರ ಯಾವಾಗಲೂ ನೀರಸವಾಗಿರುತ್ತದೆ, ನಮಗೆ ಕಳವಳ ಇದೆ, ಮಾತಾಡುತ್ತಿದ್ದೇವೆ ಅಂತ. ಬೇಜಾರು ಮಾಡಿಕೊಳ್ಳಬಾರದು. ಅದೇ ಉತ್ತರದ ಒಂದು ಸಾಲು ಹಿಡಿದು "ಮಾತಾಡಿದ್ದು ಯಾವಾಗ, ಯಾವ ಮಟ್ಟದಲ್ಲಿ" ಅಂತ ಮುಂದಿನ ಪತ್ರ ಬರೆಯಬೇಕು. ಈ ಎಳೆ ಬಿಡದೆ ಎಳೆಯುವುದರಲ್ಲೇ ಇದೆ ಎಲ್ಲ.

ಆಮೇಲೆ ಮುಖಾಮುಖಿ. ಎಂಪಿಗಳು ವಾರದ ಕೊನೆಗೆ ಊರಿಗೆ ಬಂದು ಜನರನ್ನು ಭೇಟಿ ಮಾಡುತ್ತಾರೆ, ಅದಕ್ಕೆ ಸರ್ಜರಿ ಅಂತಾರೆ (ಆಪರೇಷನ್ ಅಲ್ಲ, ಹೆದರಬೇಡಿ). ಸಿಗುವುದು ಕೆಲವೇ ನಿಮಿಷ. ನಾವು ಹೋಗುವಾಗ ಅಕ್ಕನನ್ನು ಕರೆದುಕೊಂಡು ಹೋಗಿ ನಾವು ಸುಮ್ಮನಿರುತ್ತೇವೆ. ಅವರು ಹೇಳುವುದನ್ನು ನಾವು ಹೇಳಲು ಹೋಗುವುದೇ ತಪ್ಪು. ಇನ್ನೊಂದು ವಿಷಯ, ಎಂಪಿಗಿಂತ ಅವರ ಆಫೀಸಿನ ಸಿಬ್ಬಂದಿ ಮುಖ್ಯ. ಪತ್ರ ಓದುವವರು, ಡೈರಿ ನೋಡುವವರು, ಪ್ರಶ್ನೆ ಬರೆಯುವವರು ಅವರೇ. ಚುನಾವಣೆಯಲ್ಲಿ ಎಂಪಿ ಬದಲಾಗುತ್ತಾರೆ, ಆಗ ಮತ್ತೆ ಮೊದಲಿಂದ.

ಯಾವ ಕೈದಿ ಅಂತ ಕೇಳಿದಿರಾ? ನಾನು ಜಾಸ್ತಿ ಬಳಸಿದ್ದು ತಾಶಿ ವಾಂಗ್ಚುಕ್ ಅವರ ಕಥೆ. ಯುಶು ಅನ್ನುವ ಟಿಬೆಟನ್ ಊರಿನ ಅಂಗಡಿಯವರು. ತಮ್ಮೂರ ಮಕ್ಕಳಿಗೆ ಶಾಲೆಯಲ್ಲಿ ಟಿಬೆಟನ್ ಭಾಷೆ ಸರಿಯಾಗಿ ಕಲಿಸುತ್ತಿಲ್ಲ, ಚೀನಾದ ಸಂವಿಧಾನವೇ ಆ ಹಕ್ಕು ಕೊಟ್ಟಿದೆಯಲ್ಲ, ಕೋರ್ಟಿಗೆ ಹೋಗುತ್ತೇನೆ ಅಂತ 2015ರಲ್ಲಿ ಬೀಜಿಂಗ್‌ಗೆ ಹೋದರು. ಅದನ್ನು ನ್ಯೂಯಾರ್ಕ್ ಟೈಮ್ಸ್ ವಿಡಿಯೋ ಮಾಡಿತು. 2016ರ ಜನವರಿಯಲ್ಲಿ ಬಂಧನ, 2018ರಲ್ಲಿ ಪ್ರತ್ಯೇಕತಾವಾದಕ್ಕೆ ಕುಮ್ಮಕ್ಕು ಕೊಟ್ಟರು ಅಂತ 5 ವರ್ಷ ಶಿಕ್ಷೆ, 2021ರ ಜನವರಿಯಲ್ಲಿ ಬಿಡುಗಡೆ. ಅವರು ಸ್ವಾತಂತ್ರ್ಯ ಕೇಳಿರಲಿಲ್ಲ, ಭಾಷೆಯ ಪಾಠ ಕೇಳಿದ್ದರು. ಇಲ್ಲಿನ ರಾಜ್ಯೋತ್ಸವ ಕಾರ್ಯಕ್ರಮವೊಂದರಲ್ಲಿ ಕೆಲವೇ ನಿಮಿಷ ಇದನ್ನು ಹೇಳಿದೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಕನ್ನಡ ಶಾಲೆ, ಮಾಧ್ಯಮ, ಕೋರ್ಟು ಅಂತ ನಾವೆಷ್ಟು ವರ್ಷ ಜಗಳ ಆಡಿದ್ದೇವೆ, ಆದರೆ ಆ ಕೇಸು ಹಾಕಿದ್ದಕ್ಕೆ ನಮ್ಮಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ ಅಲ್ವಾ. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರ ಬೋರ್ಡಿಂಗ್ ಶಾಲೆಗಳಲ್ಲಿದ್ದಾರೆ ಅಂತ 2023ರಲ್ಲಿ ವಿಶ್ವಸಂಸ್ಥೆಯ ತಜ್ಞರು ಕಳವಳ ಹೇಳಿದ ಮೇಲಂತೂ ಭಾಷೆಯ ಮಾತು ಎಲ್ಲಕ್ಕಿಂತ ಬೇಗ ತಲುಪುತ್ತದೆ.

ಅಂದು ಮಾತಾಡಿದ ಮೇಲೆ ಕೆಲವರು ಪಕ್ಕಕ್ಕೆ ಕರೆದು, ನಮ್ಮ ಕಂಪನಿಗೆ ಚೀನಾದಲ್ಲಿ ಕ್ಲೈಂಟ್ ಇದ್ದಾರೆ, ವೀಸಾ ಇನ್ನೂ ನವೀಕರಣ ಆಗಬೇಕು, ಹೆಸರು ಬೇಡ ಅಂದರು. ಸರಿ. ಇಂಥವರನ್ನು ಹೇಡಿಗಳು ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಅವರೇ ನಮ್ಮ ಪತ್ರ ತಿದ್ದಿಕೊಡುತ್ತಾರೆ, ಲಂಡನ್ನಿಗೆ ಹೋಗುವಾಗ ಕಾರು ಓಡಿಸುತ್ತಾರೆ, ಮೇಳಕ್ಕೆ ಚಿತ್ರಾನ್ನ ಮಾಡಿಕೊಡುತ್ತಾರೆ. ಮೊಮೊ ಪಕ್ಕದಲ್ಲಿ ಚಿತ್ರಾನ್ನ ಚೆನ್ನಾಗಿಯೇ ಖಾಲಿಯಾಗುತ್ತದೆ.

ಹೆಸರು, ಫೋಟೋ ವಿಷಯದಲ್ಲಿ ಮಾತ್ರ ನಾವು ತುಂಬಾ ಕಟ್ಟುನಿಟ್ಟು. ಮೆರವಣಿಗೆಯಲ್ಲಿ ಮಾಸ್ಕ್ ಹಾಕಿಕೊಂಡು ಬರುವ ಟಿಬೆಟನ್ನರಿಗೆ ಊರಲ್ಲಿ ಅಪ್ಪ ಅಮ್ಮ ಇರುತ್ತಾರೆ. ಇಲ್ಲಿ ತೆಗೆದ ಒಂದು ಸೆಲ್ಫಿಯಿಂದ ಅಲ್ಲಿ ಒಬ್ಬರ ಮನೆ ಬಾಗಿಲಿಗೆ ಪೊಲೀಸರು ಬರಬಹುದು. ಕೇಳದೆ ಯಾರ ಮುಖವನ್ನೂ ಹಾಕುವುದಿಲ್ಲ. ಕುಟುಂಬದವರು ಚೀನಾದ ಮೆಸೇಜ್ ಆ್ಯಪ್ ವಿ ಚಾಟ್‌ನಲ್ಲಿ ಹೇಳಿದ ಸುದ್ದಿಯನ್ನು ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಬರೆಯುವುದಿಲ್ಲ. (2020ರ ಜೂನ್‌ನಲ್ಲಿ ಭಾರತ ವಿ ಚಾಟ್ ನಿಷೇಧಿಸಿದಾಗ ಬೈಲಕುಪ್ಪೆಯ ಎಷ್ಟೋ ಮನೆಗಳಿಗೆ ಟಿಬೆಟ್‌ನಲ್ಲಿರುವ ಅಣ್ಣ ತಮ್ಮಂದಿರ ದನಿಯೇ ನಿಂತುಹೋಯಿತು, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ.) ಗೊತ್ತಿಲ್ಲದ ಇಮೇಲ್‌ನ ಅಟ್ಯಾಚ್‌ಮೆಂಟ್ ತೆರೆಯುವುದಿಲ್ಲ. ದಲೈ ಲಾಮಾರ ಕಚೇರಿಯ ಕಂಪ್ಯೂಟರ್‌ಗಳಿಗೇ ನುಗ್ಗಿದ ಘೋಸ್ಟ್‌ನೆಟ್ ಜಾಲವನ್ನು ಕೆನಡಾದ ಸಂಶೋಧಕರು 2009ರಲ್ಲಿ ಬಯಲು ಮಾಡಿದರು. 103 ದೇಶಗಳ 1,295 ಕಂಪ್ಯೂಟರ್‌ಗಳು ಅದರ ಕೈಯಲ್ಲಿದ್ದವು. ನಮ್ಮಂಥ ಸಣ್ಣವರನ್ನು ಯಾರು ನೋಡುತ್ತಾರೆ ಅನ್ನುವ ಹಾಗಿಲ್ಲ. ಸಣ್ಣವರ ಮೂಲಕವೇ ದೊಡ್ಡವರ ಇನ್‌ಬಾಕ್ಸ್‌ಗೆ ಹೋಗುವುದು.

ಶನಿವಾರ ಪೇಟೆ ಬೀದಿಯಲ್ಲಿ ಮೇಜು ಹಾಕುತ್ತೇವೆ. ಮೊದಲು ಕೌನ್ಸಿಲ್‌ಗೆ (ನಮ್ಮ ನಗರಸಭೆ ಥರ) ಫೋನ್ ಮಾಡಿ ಜಾಗ ಕೇಳಿಕೊಳ್ಳಿ. ಸಹಿ ಸಂಗ್ರಹ ಒಂದು, ದುಡ್ಡಿನ ಡಬ್ಬಿ ಇನ್ನೊಂದು. ಡಬ್ಬಿ ಇಡಬೇಕಾದರೆ ಪ್ರತ್ಯೇಕ ಲೈಸೆನ್ಸ್ ಬೇಕು. ಮೆರವಣಿಗೆ ಮಾಡುವುದಾದರೆ 6 ದಿನ ಮುಂಚೆ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು, ಸುಮ್ಮನೆ ಒಂದು ಕಡೆ ನಿಲ್ಲುವುದಕ್ಕೆ ಆ ನೋಟಿಸ್ ಬೇಕಿಲ್ಲ. ಏಪ್ರಿಲ್ 25ಕ್ಕೆ ಒಂದು ಕೇಕ್ ಇಡುತ್ತೇವೆ. ಅದು ಗೆದುನ್ ಚೋಕಿ ನ್ಯಿಮಾ ಹುಟ್ಟಿದ ದಿನ, 1989. ಪಂಚೆನ್ ಲಾಮಾ, ಅಂದರೆ ಟಿಬೆಟನ್ ಬೌದ್ಧರಲ್ಲಿ ದಲೈ ಲಾಮಾರ ನಂತರದ ದೊಡ್ಡ ಗುರು, ಅಂತ ದಲೈ ಲಾಮಾ ಗುರುತಿಸಿದ ಮೂರೇ ದಿನಕ್ಕೆ, 1995ರ ಮೇ 17ರಂದು, ಆರು ವರ್ಷದ ಆ ಹುಡುಗನನ್ನು ಚೀನಾ ತೆಗೆದುಕೊಂಡು ಹೋಯಿತು. ಆಮೇಲೆ ಹೊರಗಿನವರು ಯಾರೂ ಅವನನ್ನು ನೋಡಿಲ್ಲ. ಕೇಕ್ ಯಾರದು ಅಂತ ಕೇಳಲು ಜನ ತಾವಾಗೇ ನಿಲ್ಲುತ್ತಾರೆ, ಮಕ್ಕಳಿರುವವರು ಇನ್ನೂ ಸ್ವಲ್ಪ ಹೊತ್ತು.

ಮೇಜಿನ ಹತ್ತಿರ ಬರುವ ಪ್ರಶ್ನೆಗಳಲ್ಲಿ ನನಗೆ ಬರುವುದು ಬೇರೆ ಥರದ್ದು. ನೀನು ಇಂಡಿಯನ್, ಇದು ಚೀನಾ ಮೇಲಿನ ನಿಮ್ಮ ಗಡಿ ಜಗಳ ಅಲ್ವಾ? ಕಾಶ್ಮೀರದ ಬಗ್ಗೆ ಯಾಕೆ ಮಾತಾಡಲ್ಲ? ಮೊದಲನೆಯದಕ್ಕೆ, ನಾನು ಬಂದಿದ್ದು ಪಕ್ಕದ ಊರಿನವರಿಗಾಗಿ ಅನ್ನುತ್ತೇನೆ. ಎರಡನೆಯದಕ್ಕೆ, ಕೇಳಿ, ಅದಕ್ಕೂ ಮೇಜು ಹಾಕಿ, ನಾನು ಬಂದು ಕೇಳಿಸಿಕೊಳ್ಳುತ್ತೇನೆ ಅನ್ನುತ್ತೇನೆ. ಚೀನಾದ ವಿದ್ಯಾರ್ಥಿಗಳೂ ಬರುತ್ತಾರೆ, ಹಳೇ ಟಿಬೆಟ್‌ನಲ್ಲಿ ಜೀತ ಇರಲಿಲ್ಲವಾ ಅಂತ. ಫುಟ್‌ಪಾತ್ ಮೇಲೆ ಇತಿಹಾಸದ ವಾದಕ್ಕೆ ಇಳಿಯಬಾರದು. ಈಗ ವಿದೇಶಿ ಪತ್ರಕರ್ತರು ವಿಶೇಷ ಪರವಾನಗಿ ಇಲ್ಲದೆ ಲಾಸಾಕ್ಕೆ ಯಾಕೆ ಹೋಗುವ ಹಾಗಿಲ್ಲ ಅಂತ ಕೇಳಿದರೆ ಕೆಲವರು ಯೋಚಿಸುತ್ತಾರೆ. ಒಳ್ಳೆ ಮಾತಾಡಿ ಚಹಾ ಕೊಟ್ಟು ಕಳಿಸಿದ ಹುಡುಗರಿದ್ದಾರೆ. ನಮ್ಮ ತಕರಾರು ಅವರ ಸರ್ಕಾರದ ಜೊತೆ, ಅವರ ಮೇಲೆ ಕೂಗಾಡುವವರಿಗೆ ನಮ್ಮ ಮೇಜಿನಲ್ಲಿ ಜಾಗ ಇಲ್ಲ.

ಟಿಬೆಟನ್ನರೊಳಗೇ ಎರಡು ದಾರಿಗಳಿವೆ. ದಲೈ ಲಾಮಾ ಹೇಳುವ ಉಮೇಲಾಮ್, ಅಂದರೆ ಚೀನಾದೊಳಗೆ ನಿಜವಾದ ಸ್ವಾಯತ್ತತೆ. ಇನ್ನೊಂದು ರಂಗ್‌ಜೆನ್, ಪೂರ್ಣ ಸ್ವಾತಂತ್ರ್ಯ. ಬೆಂಬಲಿಗರಾದ ನಾವು ಇದರಲ್ಲಿ ತೀರ್ಪು ಕೊಡುವ ಹಾಗಿಲ್ಲ. ಕೈದಿಗಳು, ಶಾಲೆಗಳು, ಭಾಷೆ, ಇವುಗಳ ಬಗ್ಗೆ ಎರಡೂ ಕಡೆಯವರು ಒಪ್ಪುತ್ತಾರೆ, ನಮ್ಮ ಬೇಡಿಕೆಗಳು ಅಲ್ಲೇ ನಿಲ್ಲುತ್ತವೆ.

ಗೆಲುವು ಅಂತ ಏನಾದರೂ ಇದೆಯಾ? ಇದೆ, ಆದರೆ ಪೂರ್ತಿ ಗೆಲುವು ಅಂತ ಇಲ್ಲ. ಹೆಚ್ಚಾಗಿ ಟಿಬೆಟನ್ನರಲ್ಲದ ಬಡ ರೈತರನ್ನು, ಸುಮಾರು 58,000 ಜನರನ್ನು, ಟಿಬೆಟನ್ನರೂ ಬದುಕುವ ಚಿಂಗ್‌ಹಾಯ್‌ನ ದುಲಾನ್ ಪ್ರದೇಶಕ್ಕೆ ತಂದು ನೆಲೆ ಮಾಡುವ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಕೊಡಲು ಹೊರಟಿತ್ತು. ಹಲವು ದೇಶಗಳ ಟಿಬೆಟ್ ಗುಂಪುಗಳು ಹಿಡಿದ ಪಟ್ಟು ಬಿಡಲಿಲ್ಲ, ಬ್ಯಾಂಕಿನದೇ ತನಿಖಾ ಸಮಿತಿ ತಪ್ಪು ಹುಡುಕಿತು, 2000ರ ಜುಲೈನಲ್ಲಿ ಆ ಸಾಲ ಬಿದ್ದುಹೋಯಿತು. ಚೀನಾ ನನ್ನ ದುಡ್ಡಲ್ಲೇ ಮಾಡುತ್ತೇನೆ ಅಂದಿತು. ಈಚಿನದು ಡಿಎನ್ಎ ಕಿಟ್‌ಗಳ ವಿಷಯ. ಟಿಬೆಟ್‌ನಲ್ಲಿ ಪೊಲೀಸರು ಮಕ್ಕಳನ್ನೂ ಬಿಡದೆ ಸಾಮೂಹಿಕವಾಗಿ ಡಿಎನ್ಎ ತೆಗೆದುಕೊಳ್ಳುತ್ತಿದ್ದಾರೆ ಅಂತ 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬಂತು. ಅಂಥ ಕಿಟ್ ಮಾರುತ್ತಿದ್ದ ಅಮೆರಿಕದ ಥರ್ಮೋ ಫಿಷರ್ ಕಂಪನಿಗೆ, ಅದರ ಷೇರುದಾರರಿಗೆ ಒಂದೇ ಬೇಡಿಕೆ ಹೋಯಿತು: ಅಲ್ಲಿ ಮಾರಬೇಡಿ. 2023ರ ಕೊನೆಗೆ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿ ಆ ಮಾರಾಟ ನಿಲ್ಲಿಸಿದರು. ಬೇರೆ ಕಂಪನಿ ಮಾರಬಹುದು, ನಿಜ. ಆದರೂ ಯಾರನ್ನು ಕೇಳಬೇಕು, ಏನು ಕೇಳಬೇಕು ಎರಡೂ ಸ್ಪಷ್ಟ ಇದ್ದಾಗ ದೊಡ್ಡ ಕಂಪನಿಯೂ ಅಲುಗಾಡುತ್ತದೆ.

ಇದರಿಂದಲೇ ನಮ್ಮ ಗುಂಪು ಈಗ ಊರಿನ ಕೌನ್ಸಿಲ್ ಕಡೆ ತಿರುಗಿದೆ. ನಮ್ಮ ಆರ್‌ಟಿಐ ಥರ ಇಲ್ಲೂ ಮಾಹಿತಿ ಹಕ್ಕಿನ ಕಾಯ್ದೆ ಇದೆ, ಒಂದು ಇಮೇಲ್ ಸಾಕು, ಫೀಸ್ ಇಲ್ಲ, 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಚೀನಾದ ಶಿನ್‌ಜಿಯಾಂಗ್‌ನ ಮುಸ್ಲಿಮರಾದ ಉಯಿಗರರ ಮೇಲೆ ಕಣ್ಣಿಡುವುದರಲ್ಲಿ ಪಾಲಿದೆ ಅಂತ 2019ರಲ್ಲಿ ಅಮೆರಿಕ ಕಪ್ಪುಪಟ್ಟಿಗೆ ಹಾಕಿದ ಚೀನಾದ ಹಿಕ್‌ವಿಷನ್ ಕಂಪನಿಯ ಕ್ಯಾಮೆರಾಗಳು ನಮ್ಮೂರಿನ ಯಾವ ಯಾವ ಕಟ್ಟಡದಲ್ಲಿವೆ ಅಂತ ಮೊದಲು ಕೇಳಿದೆವು. ಉಯಿಗರ್, ಹಾಂಗ್‌ಕಾಂಗ್ ಗೆಳೆಯರು ಜೊತೆಗಿದ್ದಾರೆ. ಹಾಂಗ್‌ಕಾಂಗ್‌ನವರು ಬಂದ ಮೇಲೆ ನಮ್ಮ ಸಭೆಗಳಲ್ಲಿ ಕುರ್ಚಿ ಸಾಲುತ್ತಿಲ್ಲ. ಈಗ ಕೇಳಿರುವುದು ಕೌನ್ಸಿಲ್ ನೌಕರರ ಪಿಂಚಣಿ ನಿಧಿ ಯಾವ ಕಂಪನಿಗಳ ಷೇರು ಇಟ್ಟುಕೊಂಡಿದೆ ಅಂತ. ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆ ಆ ಪಟ್ಟಿಯನ್ನು ಸಾಲು ಸಾಲಾಗಿ ಓದಲು ಲೆಕ್ಕ ಗೊತ್ತಿರುವವರು ಬೇಕು, ಆ ನಿಧಿಯಲ್ಲೇ ಪಿಂಚಣಿ ಇರುವ ನಮ್ಮ ನಿವೃತ್ತ ಮೇಷ್ಟ್ರ ಹೆಂಡತಿ ಒಪ್ಪಿಕೊಂಡಿದ್ದಾರೆ. ಇನ್ನೊಬ್ಬರು ಸಿಕ್ಕರೆ ಒಳ್ಳೆಯದು.