ನಾನು 31 ಸಲ ಜಡ್ಜ್ ಆಗಿದ್ದೇನೆ

ನನ್ನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಅಂಥ ಕೆಂಪು ರಟ್ಟಿನದು. ಅದರ ಪ್ರಕಾರ ನಾನು ಇಲ್ಲಿಯವರೆಗೆ 31 ಸಲ ಜಡ್ಜ್, 22 ಸಲ ಪೊಲೀಸ್ ಇನ್‌ಸ್ಪೆಕ್ಟರ್, 14 ಸಲ ಡಾಕ್ಟರ್, 9 ಸಲ ಹುಡುಗಿಯ ಅಪ್ಪ. ಒಂದೇ ಒಂದು ಸಲ ಹೆಣ. ಹೆಣಕ್ಕೆ ದುಡ್ಡು ಚೆನ್ನಾಗಿಯೇ ಕೊಟ್ಟರು. ಆದರೆ ಅವತ್ತು ರಾತ್ರಿ ಸೊಳ್ಳೆ ಕಚ್ಚಿದ್ದು ಇನ್ನೂ ಮರೆತಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನಲ್ಲಿ ಜನ ನನ್ನ ಮುಖ ನೋಡಿ ನಿಲ್ಲುತ್ತಾರೆ. "ನಿಮ್ಮನ್ನು ಎಲ್ಲೋ ನೋಡಿದ್ದೇನಲ್ಲ? ಬ್ಯಾಂಕಲ್ಲಿದ್ರಾ?" ಮೊದಮೊದಲು ಸೀರಿಯಲ್ ಹೆಸರು, ಪಾತ್ರ ಎಲ್ಲ ವಿವರಿಸುತ್ತಿದ್ದೆ. ಅವರಿಗೆ ನೆನಪಾಗದೆ ಇಬ್ಬರಿಗೂ ಮುಜುಗರ. ಈಗ ಸುಮ್ನೆ "ಹೌದು, ಬ್ಯಾಂಕಲ್ಲಿದ್ದೆ" ಅಂದುಬಿಡುತ್ತೇನೆ. ಒಬ್ಬರು ಅಲ್ಲೇ ನಿಂತು ಲೋನ್ ಬಗ್ಗೆಯೂ ಕೇಳಿದರು.

ಕ್ಯಾರೆಕ್ಟರ್ ಆರ್ಟಿಸ್ಟ್ ಅಂದರೆ ಹೀಗೇ. ಮುಖ ಗೊತ್ತು, ಹೆಸರು ಗೊತ್ತಿಲ್ಲ. ಹಿಂದಿಯಲ್ಲಿ ಜಗದೀಶ್ ರಾಜ್ ಅಂತ ಒಬ್ಬರಿದ್ದರು. 144 ಸಿನಿಮಾಗಳಲ್ಲಿ ಪೊಲೀಸ್ ಆಗಿ ಗಿನ್ನೆಸ್ ದಾಖಲೆಗೆ ಸೇರಿದರು. ಅವರ ಮುಂದೆ ನನ್ನ 22 ಯಾವ ಮೂಲೆಗೆ?

ನನ್ನ ಊರು ಕಾರ್ಕಳದ ಹತ್ತಿರ. ಸೋದರಮಾವ ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು. ದೊಡ್ಡ ಹೆಸರಿನವರೇನಲ್ಲ. ಕರ್ಣಪರ್ವ ಇಟ್ಟರೆ ಕರ್ಣನ ಅರ್ಥಕ್ಕೆ ಹೊರಗಿನಿಂದ ಯಾರನ್ನಾದರೂ ಕರೆಸುತ್ತಿದ್ದರು. ಕರ್ಣನ ಸಾರಥಿ ಶಲ್ಯ ಮಾತ್ರ ಯಾವಾಗಲೂ ಮಾವನೇ. ಕರ್ಣ ಅರ್ಧ ಗಂಟೆ ಮಾತಾಡುತ್ತಾನೆ. ಶಲ್ಯ ಕೂತು ಕೇಳಬೇಕು. ಆಮೇಲೆ ಒಂದೇ ಮಾತಲ್ಲಿ ಚುಚ್ಚಬೇಕು. ಮಾವ ನನಗೆ ಹೇಳುತ್ತಿದ್ದದ್ದು ಇಷ್ಟೇ: "ಅವ ಹೇಳುವಾಗ ನಿನ್ನ ಮಾತು ಯೋಚನೆ ಮಾಡ್ಬೇಡ. ನಿನ್ನ ಉತ್ತರ ಅವನ ಮಾತಲ್ಲೇ ಉಂಟು." ಆಗ ನನಗೆ ಅದು ತಲೆಗೆ ಹೋಗಿರಲಿಲ್ಲ. ಹೋದದ್ದು ಇಪ್ಪತ್ತೈದು ವರ್ಷ ಆದ ಮೇಲೆ.

1986ರಲ್ಲಿ ಮುಂಬೈಗೆ ಬಂದೆ. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ರಾತ್ರಿ ಕನ್ನಡ ಶಾಲೆಗೆ ಹೋದೆ. ನಮ್ಮ ಕಡೆಯ ಎಷ್ಟೋ ಹುಡುಗರ ಕತೆ ಇದು, ಬೆಳೆಸುವುದು ಬೇಡ. ಬಿ.ಕಾಂ. ಮುಗಿಸಿ, ಬಂದರಿನ ಸರಕು ಬಿಡಿಸಿಕೊಡುವ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಸಂಜೆ ನಾಟಕ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇರುವ ಸಂಸ್ಥೆ. ಅದರ ರಂಗದ ಮೇಲೆ ಸೇವಕ, ದೂತ, ಪಕ್ಕದ ಮನೆಯವನು, ಎಲ್ಲ ಆದೆ. ರಾಜ ಆಗಲಿಲ್ಲ. ನನ್ನ ಎತ್ತರ ಐದಡಿ ಐದಿಂಚು.

2011ರಲ್ಲಿ ಆಫೀಸು ಮುಚ್ಚಿತು. ನನಗೆ ಆಗ 42. ಹೆಂಡತಿಗೆ ಶಾಲೆಯ ಕೆಲಸ ಇತ್ತು, ಹಾಗಾಗಿ ಒಲೆ ಆರಲಿಲ್ಲ. ನಾಟಕದ ಗೆಳೆಯನೊಬ್ಬ "ನಿನ್ನ ಮುಖ ಸರ್ಕಾರಿ ಆಫೀಸಿನ ಮುಖ, ಟಿವಿಯವರಿಗೆ ದಿನಾ ಬೇಕು" ಅಂದ. ಬೈದನೋ ಹೊಗಳಿದನೋ ಗೊತ್ತಾಗಲಿಲ್ಲ. ಧೈರ್ಯಕ್ಕೆ ಹಿಂದಿ ನಟ ಎ.ಕೆ. ಹಂಗಲ್ ಅವರನ್ನು ನೆನೆಸಿಕೊಂಡೆ. ಹೆಸರು ಕೇಳಿ ಅವರು ನಮ್ಮ ಹಾನಗಲ್ಲಿನವರು ಅಂತ ನಾನು ಬಹಳ ವರ್ಷ ನಂಬಿದ್ದೆ. ಅವರದು ಕಾಶ್ಮೀರಿ ಪಂಡಿತ ಮನೆತನ. ಟೈಲರ್ ಆಗಿದ್ದವರು ಐವತ್ತರ ಆಸುಪಾಸಿನಲ್ಲಿ ಸಿನಿಮಾಕ್ಕೆ ಬಂದರು. ನನಗೆ ಇನ್ನೂ ಎಂಟು ವರ್ಷ ಬಾಕಿ ಇದೆಯಲ್ಲ ಅಂದುಕೊಂಡೆ.

ವರ್ಸೋವಾದ ಆರಾಮ್ ನಗರದಲ್ಲಿ ಹಳೇ ಸಣ್ಣ ಬಂಗಲೆಗಳ ಸಾಲು ಇದೆ. ಒಂದೊಂದರಲ್ಲೂ ನಟರನ್ನು ಆರಿಸುವ ಕಾಸ್ಟಿಂಗ್ ಆಫೀಸು. ಹೆಸರಲ್ಲಿ ಆರಾಮ್ ಇದೆ, ಅಲ್ಲಿ ಆರಾಮಾಗಿ ಇರುವವು ಬೆಕ್ಕುಗಳು ಮಾತ್ರ. ಬಾಗಿಲಲ್ಲಿ ನಿಂತ ಹುಡುಗ ತಲೆಯಿಂದ ಕಾಲಿನವರೆಗೆ ನೋಡಿ "ನಾಟ್ ಫಿಟ್" ಅನ್ನುತ್ತಾನೆ. ಮುಂದಿನ ಬಾಗಿಲಿಗೆ ನಡೆಯಬೇಕು. ಅವಮಾನ ಅಂತ ಮೊದಲ ತಿಂಗಳು ಅನಿಸಿತು. ಆಮೇಲೆ ಹೋಟೆಲಿನಲ್ಲಿ ನಾವು "ದೋಸೆ ಖಾಲಿ" ಅನ್ನುತ್ತಿದ್ದದ್ದು ನೆನಪಾಯಿತು. ಗಿರಾಕಿ ಮೇಲೆ ನಮಗೇನು ಸಿಟ್ಟು ಇರುತ್ತಿತ್ತಾ?

ಒಳಗೆ ಬಿಟ್ಟರೆ ಕ್ಯಾಮೆರಾ ಮುಂದೆ ಹೆಸರು, ವಯಸ್ಸು, ಎತ್ತರ, ಫೋನ್ ನಂಬರ್ ಹೇಳಬೇಕು. ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಒಂದು ಪುಟ ಮಾತು ಕೊಟ್ಟು ಹತ್ತು ನಿಮಿಷ ಟೈಮ್ ಕೊಡುತ್ತಾರೆ. ನಾನು ಮಾಡಿದ ತಪ್ಪು, ಆ ಹತ್ತು ನಿಮಿಷ ನನ್ನ ಮಾತನ್ನಷ್ಟೇ ಬಾಯಿಪಾಠ ಮಾಡುತ್ತಿದ್ದದ್ದು. ಏಳೆಂಟು ತಿಂಗಳು ಏನೂ ಸಿಗಲಿಲ್ಲ. ಡೊಂಬಿವಲಿಯಿಂದ ದಾದರ್, ಸೇತುವೆ ಹತ್ತಿ ವೆಸ್ಟರ್ನ್ ಲೈನ್, ಅಂಧೇರಿ, ಅಲ್ಲಿಂದ ಬಸ್ಸು. ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟರೆ ಅಲ್ಲಿ ಮುಟ್ಟುವಾಗ ಅದು ಚಿಂದಿ. ಹಾಗಾಗಿ ಅಂಗಿಯನ್ನು ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿ ಒಯ್ದು, ಅಂಧೇರಿ ಸ್ಟೇಷನ್ನಿನ ಶೌಚಾಲಯದಲ್ಲಿ ಬದಲಿಸುತ್ತಿದ್ದೆ. 2014ರಲ್ಲಿ ಘಾಟ್‌ಕೋಪರ್‌ನಿಂದ ವರ್ಸೋವಾಕ್ಕೆ ಮೆಟ್ರೋ ಬಂತು. ನನ್ನ ನಟನೆ ಸುಧಾರಿಸಿದ್ದರಲ್ಲಿ ಅದರ ಪಾಲೂ ಇದೆ ಅಂತ ನಾನು ಖಂಡಿತ ಹೇಳುತ್ತೇನೆ. ನಲುಗದೆ ಹೋಗಿ ನಿಂತವನ ಮುಖವೇ ಬೇರೆ.

ಹಿಂದಿಯ ಕತೆ ಒಂದು ಹೇಳಲೇಬೇಕು. ಮುಂಬೈಯಲ್ಲಿ ಇಷ್ಟು ವರ್ಷ ಇದ್ದೇನೆ, ನನ್ನ ಹಿಂದಿ ಪಕ್ಕಾ ಅಂದುಕೊಂಡಿದ್ದೆ. ಮೊದಲ ಇನ್‌ಸ್ಪೆಕ್ಟರ್ ಪಾತ್ರ. ಬಾಗಿಲು ಒದ್ದು ಒಳಗೆ ಬಂದು "ಪುಲಿಸ್ ಆ ಗಯಾ" ಅಂದೆ. ಇಡೀ ಸೆಟ್ ನಕ್ಕಿತು. ಹಿಂದಿಯಲ್ಲಿ ಪೊಲೀಸ್ ಹೆಣ್ಣು, "ಆ ಗಯೀ" ಅನ್ನಬೇಕು. ನನಗೆ ಅಂಟಿಸಿದ್ದ ಮೀಸೆಯೂ ಹಿಂದಿಯಲ್ಲಿ ಹೆಣ್ಣೇ ಅಂತ ಮೇಕಪ್ ದಾದಾ ಆಮೇಲೆ ಹೇಳಿದರು. ಅವತ್ತಿನಿಂದ ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಹೆಣ್ಣು ಪದಗಳ ಕೆಳಗೆ ಗೆರೆ ಎಳೆಯುತ್ತೇನೆ.

ಈಗ ಜಡ್ಜ್ ವಿಷಯಕ್ಕೆ ಬರುತ್ತೇನೆ. ನಾನು ಏನಾದರೂ ಕಲಿತಿದ್ದರೆ ಆ ಎತ್ತರದ ಕುರ್ಚಿಯಲ್ಲೇ.

ಕೋರ್ಟ್ ಸೀನ್ ಅಂದರೆ 12 ಗಂಟೆಯ ಶಿಫ್ಟ್ ಪೂರ್ತಿ. ಇಬ್ಬರು ವಕೀಲರು, ಸಾಕ್ಷಿ, ಹಿಂದೆ ನಲವತ್ತು ಜನ ಜೂನಿಯರ್ ಆರ್ಟಿಸ್ಟ್‌ಗಳು. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್. ಆಮೇಲೆ ಒಬ್ಬೊಬ್ಬರ ಮುಖ ಹತ್ತಿರದಿಂದ ಹಿಡಿಯುವ ಕ್ಲೋಸ್. ಹೀರೋ ವಕೀಲನಾದರೆ ಅವನದೇ ಮೂರು ಗಂಟೆ. ಜಡ್ಜ್‌ನ ಕ್ಲೋಸ್ ಕೊನೆಗೆ, ಬೆಳಕು ಮುಗಿಯುವಾಗ, ಪ್ರೊಡಕ್ಷನ್‌ನವರು ಗಡಿಯಾರ ನೋಡುವಾಗ. ಅಷ್ಟು ಹೊತ್ತು ಹೀರೋ ನನ್ನ ಕಡೆ ನೋಡಿ ಮಾತಾಡುತ್ತಾನೆ, ಕ್ಯಾಮೆರಾ ಅವನ ಮೇಲಿದೆ, ನಾನು ಫ್ರೇಮಿನಲ್ಲಿ ಇಲ್ಲ. ಎದ್ದು ಹೋಗಿ ಚಹಾ ಕುಡಿಯಬಹುದು. ಬಹಳ ಜನ ಹೋಗುತ್ತಾರೆ. ಆಗ ಒಬ್ಬ ಅಸಿಸ್ಟೆಂಟ್ ಹುಡುಗ ಸ್ಕ್ರಿಪ್ಟ್ ಹಿಡಿದು ಜಡ್ಜ್‌ನ ಮಾತನ್ನು ರೈಲ್ವೆ ಅನೌನ್ಸ್‌ಮೆಂಟ್ ಥರ ಓದುತ್ತಾನೆ. ಪಾಪ, ಹೀರೋ ಆ ದನಿಗೆ ಅಳಬೇಕು.

ಒಂದು ದಿನ ಕಾಲುನೋವು ಅಂತ ನಾನು ಇಳಿಯಲಿಲ್ಲ. ಬೇರೆ ಕೆಲಸ ಇಲ್ಲದೆ ಕೇಳುತ್ತಾ ಕೂತೆ. ಮೂರನೇ ಟೇಕಿನಲ್ಲಿ ವಕೀಲನ ದನಿ ಒಂದು ಕಡೆ ಸಣ್ಣಗೆ ಒಡೆಯಿತು. ನನಗೆ ಗೊತ್ತಿಲ್ಲದೆಯೇ ನಾನು ಪೆನ್ನು ಕೆಳಗಿಟ್ಟೆ. ಅವನು ಅದನ್ನು ನೋಡಿದ, ಮಾತು ನಿಲ್ಲಿಸಿದ, ಒಂದು ಕ್ಷಣ ಸುಮ್ಮನಿದ್ದು ಮುಂದುವರಿಸಿದ. ಅದೇ ಟೇಕ್ ಓಕೆ ಆಯಿತು. ಮಾವನ ಶಲ್ಯ ನನಗೆ ಆವಾಗ ನೆನಪಾದ. ಆ ನಟ ಮುಂದೆ ಎರಡು ಕಡೆ "ಜಡ್ಜ್‌ಗೆ ಅವರನ್ನೇ ಕರೀರಿ" ಅಂದರಂತೆ. ನನ್ನ 31ರಲ್ಲಿ ಹನ್ನೊಂದೋ ಹನ್ನೆರಡೋ ಆ ಪೆನ್ನಿನಿಂದ ಬಂದವು.

ಹಾಗಂತ ಜಡ್ಜ್ ಸರಿಯಾಗಿ ತೋರಿಸುತ್ತೇವೆ ಅಂತಲ್ಲ. ಹಳೇ ಆಫೀಸಿನ ಕೆಲಸಕ್ಕೆ ನಾನು ಎಷ್ಟೋ ಸಲ ಕೋರ್ಟಿಗೆ ಹೋಗಿದ್ದೆ. ನಮ್ಮ ದೇಶದ ಕೋರ್ಟುಗಳಲ್ಲಿ ಜಡ್ಜ್ ಸುತ್ತಿಗೆ ಬಡಿಯುವುದಿಲ್ಲ. ತಲೆ ಬಗ್ಗಿಸಿ ಬರೆಯುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಇದನ್ನು ಒಬ್ಬ ನಿರ್ದೇಶಕರಿಗೆ ಹೇಳಿದೆ. "ಸರ್, ಸುತ್ತಿಗೆ ಬಾಡಿಗೆಗೆ ತಂದಾಗಿದೆ" ಅಂದರು. ಬಡಿದೆ.

ಇನ್ನೊಂದು, ಮಾಸ್ಟರ್ ಶಾಟಿನಲ್ಲಿ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಹುಡುಗಿಯ ಅಪ್ಪನಾಗಿದ್ದಾಗ ಹಸಿವಾಗಿತ್ತು ಅಂತ ಮಾಸ್ಟರಿನಲ್ಲಿ ಒಂದು ಗುಲಾಬ್ ಜಾಮೂನು ಬಾಯಿಗೆ ಹಾಕಿದೆ. ಪ್ರತಿ ಶಾಟಿನಲ್ಲೂ ಅದೇ ಕಾಣಬೇಕಲ್ಲ, ಆ ಕಂಟಿನ್ಯುಯಿಟಿಗಾಗಿ ಸಂಜೆಯವರೆಗೆ ಹದಿನೇಳು ತಿಂದೆ. ನನಗೆ ಸಕ್ಕರೆ ಕಾಯಿಲೆ ಇರುವುದನ್ನು ಬಾಯಿ ಬಿಟ್ಟು ಹೇಳೋಕೆ ಭಯ, ಪಾತ್ರ ಹೋದರೆ?

"ಸೌತ್ ಇಂಡಿಯನ್" ಪಾತ್ರಗಳ ಬಗ್ಗೆ ನನಗೆ ಬೇಜಾರಿದೆ. ಲುಂಗಿ, ಹಣೆ ತುಂಬ ವಿಭೂತಿ, ಎರಡು ಮಾತಿಗೊಂದು ಅಯ್ಯಯ್ಯೋ. ಎರಡು ಸಲ ಮಾಡಿದೆ. ದುಡ್ಡು ಬೇಕಿತ್ತು. ಊರಿನಿಂದ ಅಕ್ಕ ಫೋನ್ ಮಾಡಿ "ಅದು ಯಾವ ಭಾಷೆ ಮಾರಾಯಾ?" ಅಂತ ಕೇಳಿದಳು. ಉತ್ತರ ಇರಲಿಲ್ಲ. ಮೂರನೇ ಸಲ ಹೋಟೆಲ್ ಮಾಲೀಕನ ಪಾತ್ರ ಬಂದಾಗ ಒಂದು ಟೇಕ್ ನನ್ನ ಥರ ಮಾಡುತ್ತೇನೆ ಅಂದೆ. ಮುಂಬೈಯ ನಮ್ಮ ಹೋಟೆಲ್ ಮಾಲೀಕರು ಹೇಗಿರುತ್ತಾರೆ ಅಂತ ನಾನು ಕಂಡವನು. ಗಿರಾಕಿ ಜೊತೆ ಬಂಬಯ್ಯಾ ಹಿಂದಿ, ತರಕಾರಿಯವನ ಜೊತೆ ಮರಾಠಿ, ಅಡುಗೆಮನೆಗೆ ತುಳು, ಹೆಂಡತಿ ಫೋನ್ ಬಂದರೆ ಬರೀ "ಹ್ಞೂಂ". ಅದೇ ಮಾಡಿದೆ. ಇಟ್ಟುಕೊಂಡರು. ಆದರೂ ಕತ್ತಿಗೆ ರುದ್ರಾಕ್ಷಿ ಹಾಕದೆ ಬಿಡಲಿಲ್ಲ.

ದುಡ್ಡಿನ ಮಾತು. 2011ರ ಕೊನೆಗೆ ನನ್ನ ಮೊದಲ ದಿನದ ಸಂಬಳ 1,500 ರೂಪಾಯಿ. ಅದರಲ್ಲಿ ಪಾತ್ರ ಕೊಡಿಸುವ ಕೋ-ಆರ್ಡಿನೇಟರ್‌ಗೆ ಶೇಕಡಾ 20. ಟಿವಿಯಲ್ಲಿ ಕೆಲಸ ಮಾಡಿ 90 ದಿನ ಆದ ಮೇಲೆ ಹಣ. ಹೊಸಬರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಮೂರು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು. ನನ್ನನ್ನು ಕಾಪಾಡಿದ್ದು ಎರಡು. ಒಂದು, ಜಾಹೀರಾತುಗಳ ಕನ್ನಡ ದನಿ. ಅಂಧೇರಿಯ ಸ್ಟುಡಿಯೋಗಳಲ್ಲಿ ಸಾಬೂನು, ಸಿಮೆಂಟು, ಕೆಮ್ಮಿನ ಔಷಧ ಎಲ್ಲಕ್ಕೂ ಮಾತಾಡಿದ್ದೇನೆ. ಅವರು ಕೊಡುವ ಕನ್ನಡ ಓದಿದರೆ ಕೆಮ್ಮು ತಾನಾಗಿ ಬರುತ್ತದೆ. ಎರಡನೆಯದು, ಸಹನಟರ ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಸೆಟ್ಟಿನಲ್ಲಿ ಕಾಯುತ್ತಾ ಕೂತವರಿಗೆಲ್ಲ ಟಿಡಿಎಸ್ (ಸಂಭಾವನೆಯಲ್ಲಿ ಮೊದಲೇ ಹಿಡಿದ ತೆರಿಗೆ) ವಾಪಸ್ ಬರುವ ಹಾಗೆ ಫಾರ್ಮ್ ತುಂಬಿಕೊಟ್ಟೆ. ಆ ಪರಿಚಯದಿಂದ ಸಿಕ್ಕ ಪಾತ್ರಗಳೂ ಇವೆ, ಮುಚ್ಚುಮರೆ ಏನು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶೂಟಿಂಗ್ ನಿಂತಿತು. ಮತ್ತೆ ಶುರುವಾದಾಗ 65 ದಾಟಿದವರು ಸೆಟ್ಟಿಗೆ ಬರಬಾರದು ಅಂತ ರಾಜ್ಯ ಸರ್ಕಾರದ ನಿಯಮ. ಸೀರಿಯಲ್‌ಗಳ ತಾತ, ಅಜ್ಜಿಯರು ರಾತ್ರೋರಾತ್ರಿ ತೀರ್ಥಯಾತ್ರೆಗೆ ಹೋದರು. ಒಂದು ಕಡೆ ತಾತ ಇಲ್ಲದೆ ಕತೆ ನಡೆಯುವ ಹಾಗಿರಲಿಲ್ಲ. 51 ವರ್ಷದ ನನಗೆ ಕೂದಲು ಬಿಳಿ ಮಾಡಿ ಕೂರಿಸಿದರು. ಅದು ಒಬ್ಬ ಹಿರಿಯ ನಟರ ಪಾತ್ರ. ಅವರ ಕುರ್ಚಿ, ಅವರ ಕೋಲು, ಅವರ ಶಾಲು. ಶಾಲಿನಲ್ಲಿ ಅವರ ನಶ್ಯದ ವಾಸನೆ ಇನ್ನೂ ಇತ್ತು. ನಾನು ಅವರಿಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಕೋಲು ಎಡಗೈಯಲ್ಲಿ ಹಿಡಿ, ಇಲ್ಲದಿದ್ದರೆ ಸೊಸೆ ಪಾತ್ರದವಳ ಮೇಲೆ ನೆರಳು ಬೀಳುತ್ತೆ" ಅಂದರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ಅವರು ವಾಪಸ್ ಬಂದರು, ನಾನು ಮನೆಗೆ ಬಂದೆ. ಆ ವರ್ಷ ನನಗೆ ಸಿಕ್ಕಿದ್ದು ಅಷ್ಟೇ ಕೆಲಸ. ಆದರೂ ಅವತ್ತು ಸಮಾಧಾನವಾಗಿತ್ತು.

ಲೆಕ್ಕದ ಪುಸ್ತಕದಲ್ಲಿ ಬಲಗಡೆ ಬಾಕಿಯ ಕಾಲಂ ಇದೆ. ಬರುವ ಹಣವನ್ನು ಪೆನ್ನಿನಲ್ಲಿ ಬರೆಯುತ್ತೇನೆ, ಅನುಮಾನ ಇದ್ದದ್ದನ್ನು ಪೆನ್ಸಿಲಿನಲ್ಲಿ. ಸದ್ಯ ಮೂರು ಬಾಕಿ ಇವೆ. ಎರಡು ಪೆನ್ನು, ಒಂದು ಪೆನ್ಸಿಲ್. ಪೆನ್ಸಿಲಿನವರು ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾರೆ: ಬುಧವಾರ, ಫಿಲ್ಮ್ ಸಿಟಿ, ಜಡ್ಜ್, ಕಪ್ಪು ಶೂ ಸ್ವಂತದ್ದು ತರಬೇಕು. ಹಳೇ ಬಾಕಿ ಕೇಳಿದೆ. ಅದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿದ್ದಾರೆ. ಶೂಗೆ ಪಾಲಿಶ್ ಹಾಕಿ ಇಟ್ಟಿದ್ದೇನೆ.