ಕಾರಿಗೆ ಎಷ್ಟು ಇನ್ಶೂರೆನ್ಸ್ ಕಡ್ಡಾಯ? ಪಾಲಿಸಿ ಹಾಳೆ ಓದಿ ತಿಳ್ಕೊಂಡಿದ್ದು

ಗದಗದಿಂದ ಒಂದು ಹಳೇ ಕಾರು ತಗೊಂಡೆ. ಕೆಎ-26, 1197 ಸಿಸಿ ಪೆಟ್ರೋಲ್ ಗಾಡಿ. ಇನ್ಶೂರೆನ್ಸ್ ಮುಗಿಯೋಕೆ ಬಂದಿತ್ತು. ಹುಬ್ಬಳ್ಳಿಯಲ್ಲಿ ಕೇಳಿದರೆ ಒಬ್ಬ ಏಜೆಂಟರು "ಫುಲ್ ಮಾಡಿಸಿಬಿಡ್ರಿ ಸರ" ಅಂದರು, ಇನ್ನೊಬ್ಬರು "ಹಳೇ ಗಾಡಿಗೆ ಥರ್ಡ್ ಪಾರ್ಟಿ ಸಾಕ್ರಿ" ಅಂದರು. ಕಾನೂನು ಏನು ಕೇಳುತ್ತೆ ಅಂತ ಇಬ್ಬರೂ ಹೇಳಲಿಲ್ಲ. ಕೊನೆಗೆ ಹಿಂದಿನ ಓನರ್ ಕೊಟ್ಟ ಪಾಲಿಸಿಯನ್ನೇ ಹರಡಿಕೊಂಡು ಕೂತೆ.

ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕೇಳುವುದು ಥರ್ಡ್ ಪಾರ್ಟಿ ಮಾತ್ರ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ನನ್ನ ಬಂಪರ್ ಒಡೆದರೆ ಸರ್ಕಾರಕ್ಕೇನು! ಸಾವು, ಗಾಯಕ್ಕೆ ಇಷ್ಟೇ ಅಂತ ಮಿತಿ ಇಲ್ಲ, ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್ ಹೇಳಿದಷ್ಟು ಪರಿಹಾರ ಕಂಪನಿ ಕಟ್ಟಬೇಕು. ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ಅಂತ ಇರುತ್ತೆ. ಈ ಸಾಲನ್ನು ಮಾತ್ರ ಕಣ್ಣಿಟ್ಟು ನೋಡಿ. ಕೆಲವು ಪಾಲಿಸಿಯಲ್ಲಿ ಒಂದಿಷ್ಟು ಪ್ರೀಮಿಯಂ ಉಳಿಸೋಕೆ ಅದನ್ನು 6,000ಕ್ಕೆ ಇಳಿಸಿರುತ್ತಾರೆ, ಚೆನ್ನಮ್ಮ ಸರ್ಕಲ್‌ನಲ್ಲಿ ಮುಂದಿನ ಕಾರಿಗೆ ಗುದ್ದಿದರೆ ಆ ದುಡ್ಡಿಗೆ ಟೇಲ್ ಲೈಟ್ ಬಂದರೆ ಪುಣ್ಯ.

ಥರ್ಡ್ ಪಾರ್ಟಿ ರೇಟು ಸರ್ಕಾರವೇ ಗೊತ್ತು ಮಾಡಿದ್ದು, ಚೌಕಾಶಿ ನಡೆಯಲ್ಲ. 2022ರ ಜೂನ್‌ನಲ್ಲಿ ಬಂದ ದರದಲ್ಲಿ 1000 ಸಿಸಿ ಒಳಗೆ 2,094, 1500ರ ತನಕ 3,416, ಅದರ ಮೇಲೆ 7,897 ರೂಪಾಯಿ. ನನ್ನದು ನಡುವಿನದು, 18% ಜಿಎಸ್‌ಟಿ ಸೇರಿದರೆ ನಾಲ್ಕು ಸಾವಿರದ ಚೂರು ಮೇಲೆ. ಏಜೆಂಟ್ ಜಾಸ್ತಿ ಹೇಳಿದರೆ ಉಳಿದದ್ದು ಯಾವುದಕ್ಕೆ ಅಂತ ಕೇಳಿ.

ಉಳಿದದ್ದರಲ್ಲಿ ಒಂದು, ಓಡಿಸುವ ಮಾಲೀಕರ 15 ಲಕ್ಷದ ಅಪಘಾತ ವಿಮೆ. ಇದೂ ಬೇಕು. ಆದರೆ ಅಷ್ಟೇ ಮೊತ್ತದ್ದು ನಿಮ್ಮ ಹೆಸರಲ್ಲಿ ಮೊದಲೇ ಇದ್ದರೆ ಸುಮ್ನೆ ಎರಡನೇ ಸಲ ಕಟ್ಟಬೇಕಿಲ್ಲ, ಬರೆದುಕೊಟ್ಟರೆ ತೆಗೀತಾರೆ.

ನನ್ನ ಮನಸ್ಸು ಬದಲಿಸಿದ್ದು ಬೇರೆ ವಿಷಯ. ಬರೀ ಥರ್ಡ್ ಪಾರ್ಟಿ ಇದ್ದರೆ, ನಮ್ಮದೇ ಕಾರಲ್ಲಿ ಸುಮ್ನೆ ಜೊತೆಗೆ ಬಂದವರಿಗೆ ಪೆಟ್ಟಾದಾಗ ಕಂಪನಿ ಕೊಡಲೇಬೇಕು ಅಂತೇನಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ (ಏಜೆಂಟರು "ಫುಲ್" ಅಂದಿದ್ದು ಇದನ್ನೇ, ಥರ್ಡ್ ಪಾರ್ಟಿ ಜೊತೆ ನಮ್ಮ ಗಾಡಿಯ ಹಾನಿಯೂ ಸೇರಿದ್ದು) ಅವರೂ ಸೇರುತ್ತಾರೆ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಅವ್ವ, ಅಕ್ಕನ ಮಕ್ಕಳನ್ನು ಕೂರಿಸ್ಕೊಂಡು ಗದಗ ರಸ್ತೆಯಲ್ಲಿ ಲಾರಿಗಳ ನಡುವೆ ಹೋಗುವವನು ನಾನು, ಅದಕ್ಕೇ ಪ್ಯಾಕೇಜ್ ಮಾಡಿಸಿದೆ. ಬಂಪರ್ ಟು ಬಂಪರ್, ಅಂದರೆ ಬಿಡಿಭಾಗಗಳ ಸವಕಳಿ ಮುರ್ಕೊಳ್ಳದೆ ಕ್ಲೇಮ್ ಕೊಡುವ ಹೆಚ್ಚುವರಿ ಕವರ್, ಅದು ಮಾತ್ರ ಬೇಡ ಅಂದೆ, ಗಾಡಿಯ ವಯಸ್ಸು ನೋಡಿದರೆ ಆ ದುಡ್ಡು ದಂಡ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದೊಂದು ನೋಡ್ಕೊಳ್ಳಿ. ಗಾಡಿ ಕೈ ಬದಲಾದ 14 ದಿನದೊಳಗೆ ಪಾಲಿಸಿಯಲ್ಲೂ ಹೆಸರು ಬದಲಿಸಲು ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹಳೇ ಮಾಲೀಕರದು, ಕಾರಿನ ಜೊತೆ ನಮಗೆ ಬರಲ್ಲ. ಹೆಸರು ಬದಲಿಸುವಾಗ ಆ ರಿಯಾಯಿತಿಯ ವ್ಯತ್ಯಾಸ ಕಟ್ಟಿಸ್ಕೊಳ್ಳುತ್ತಾರೆ, ರೇಟು ಮಾತಾಡುವಾಗಲೇ ಅದನ್ನು ಮುರ್ಕೊಳ್ಳಿ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ದಂಡ, ಮೂರು ತಿಂಗಳ ತನಕ ಜೈಲೂ ಆಗಬಹುದು.